ಟ್ರೆವರ್ ನೋವಾ, ನನ್ನ ಮಗಳು ಮತ್ತು ನನ್ನ ಆಫೀಸ್ ನಗು

ಪೋಸ್ಟ್ ಸ್ವಲ್ಪ ಉದ್ದ ಆಗೇತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ಆಫೀಸಿನಲ್ಲಿ ಒಂದು ಜೋಕ್ ಇದೆ. ಪ್ರಮೋಷನ್ ಲಿಸ್ಟ್ ಬಂದಾಗ, ರೋಸ್ಟರ್ ಫೈಲ್ ಟೇಬಲ್ ಮೇಲೆ ಕೂತಾಗ ತಪ್ಪದೆ ಬರುತ್ತದೆ. "ನಿಮಗೇನ್ ಚಿಂತಿ ಬಿಡ್ರಿ, ನೀವು ಸರ್ಕಾರದ ಅಳಿಯಂದ್ರು!" ಹೇಳುವವರು ಕೆಟ್ಟವರೇನಲ್ಲ. ನಮ್ಮವ್ವ ಆಸ್ಪತ್ರೆಯಲ್ಲಿದ್ದಾಗ ಎಳನೀರು ಹಿಡಿದುಕೊಂಡು ಮೊದಲು ಬಂದವರು ಅವರೇ. ಜೋಕ್ ಹೇಳಿ ಅವರು ನಗುತ್ತಾರೆ, ಚಹಾ ಕುಡಿಯುತ್ತಿದ್ದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಹದಿನೆಂಟು ವರ್ಷ ನಕ್ಕಿದ್ದೇನೆ. ಸಂಜೆ ಸಮಿತಿಯ ಸಭೆಯಲ್ಲಿ ಮೈಕ್ ಹಿಡಿದು ಸ್ವಾಭಿಮಾನದ ಭಾಷಣ ಮಾಡುವವನೂ ನಾನೇ.

ಆ ನಗು ಎಂಥದ್ದು ಅಂತ ಯೋಚನೆ ಹಚ್ಚಿದ್ದು ದಕ್ಷಿಣ ಆಫ್ರಿಕಾದ ಒಬ್ಬ ಹಾಸ್ಯಗಾರ, ಟ್ರೆವರ್ ನೋವಾ. ಹಚ್ಚಿಕೊಟ್ಟವಳು ಮಗಳು.

2020ರ ಮೇ ಕೊನೆ, ಲಾಕ್‌ಡೌನ್ ಕಾಲ. ಕ್ಯಾಂಪಿನ ರಸ್ತೆಗಳೆಲ್ಲ ಬಿಕೋ ಅನ್ನುತ್ತಿದ್ದವು, ಫಿಶ್ ಮಾರ್ಕೆಟ್ ಬಂದ್. ಮಗಳು ಏಳನೇತ್ತ ಮುಗಿಸಿ ಮನೆಯಲ್ಲಿದ್ದಳು, ನನ್ನ ಫೋನು ಅವಳ ಕೈಯಲ್ಲೇ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದಿದ್ದ ವಾರ. ಅಲ್ಲಿನ 'ದಿ ಡೈಲಿ ಶೋ' ನಡೆಸುತ್ತಿದ್ದ ಈ ಮನುಷ್ಯ ತನ್ನ ಮನೆಯಲ್ಲೇ ಕೂತು ಹದಿನೆಂಟು ನಿಮಿಷ ಮಾತಾಡಿದ ವಿಡಿಯೋ ಅದು. ನಗಿಸುವ ಪ್ರಯತ್ನವೇ ಇರಲಿಲ್ಲ. ಸಮಾಜ ಅನ್ನೋದು ಒಂದು ಕರಾರು, ಮೇಲಿನವರೇ ದಿನಾ ಅದನ್ನು ಮುರಿಯುತ್ತಿದ್ದರೆ ಕೆಳಗಿನವರು ಮಾತ್ರ ಯಾಕೆ ಪಾಲಿಸಬೇಕು ಅಂತ ಕೇಳುತ್ತಿದ್ದ. ನನ್ನದು ಬಿ.ಎ. ಇಂಗ್ಲಿಷ್, ಅದರಲ್ಲೂ ಫೈಲ್ ಇಂಗ್ಲಿಷ್. 'ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್' ದಾಟಿದರೆ ತಡವರಿಸುತ್ತೇನೆ. ಮಗಳು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿದಳು.

ಒಳಗಿಂದ ಹೆಂಡತಿ ಕೇಳಿದಳು: "ಯಾರಂವಾ?"

"ಟ್ರೆವರ್ ನೋವಾ ಅಂತ. ಕಾಮಿಡಿ ಮಾಡ್ತಾನ."

"ಹೆಸರಾಗ ನೋವ್ ಇಟ್ಕೊಂಡು ಮಂದಿನ್ನ ನಗಸ್ತಾನೇನು?"

ಅವಳು ಚಪಾತಿ ಲಟ್ಟಿಸುತ್ತಾ ಅಂದ ಮಾತು. ಆಮೇಲೆ ಅವನ ಪುಸ್ತಕ ತರಿಸಿಕೊಂಡು ಓದುವಾಗಲೆಲ್ಲ ನೆನಪಾಗುತ್ತಿತ್ತು.

ಪುಸ್ತಕದ ಹೆಸರು 'ಬಾರ್ನ್ ಎ ಕ್ರೈಮ್'. ಹುಟ್ಟೇ ಅಪರಾಧ. ಇದು ಅಲಂಕಾರದ ಮಾತಲ್ಲ, ಅಲ್ಲಿನ ಕಾನೂನು. ನೋವಾ ಹುಟ್ಟಿದ್ದು 1984ರ ಫೆಬ್ರವರಿ 20, ಜೋಹಾನ್ಸ್‌ಬರ್ಗ್‌ನಲ್ಲಿ. ತಾಯಿ ಪೆಟ್ರೀಷಿಯಾ, ಕೋಸಾ ಸಮುದಾಯದ ಕಪ್ಪು ಹೆಣ್ಣುಮಗಳು. ತಂದೆ ಸ್ವಿಟ್ಜರ್ಲೆಂಡಿನ ಬಿಳಿಯ. ಬಿಳಿಯರು ಮತ್ತು ಕಪ್ಪು ಜನ ಕೂಡುವುದೇ ಜೈಲು ಶಿಕ್ಷೆಯ ಅಪರಾಧ ಅಂತ 1927ರಿಂದ ಅಲ್ಲಿ ಕಾಯ್ದೆ ಇತ್ತು. ಮಿಶ್ರ ವಿವಾಹ ನಿಷೇಧ ಕಾಯ್ದೆ ಬಂದಿದ್ದು 1949ರಲ್ಲಿ.

ಈ 1949ಕ್ಕೆ ನಾನು ಓದುವುದನ್ನು ನಿಲ್ಲಿಸಿ ಎದ್ದು ಓಡಾಡಿದೆ. ಯಾಕಂದ್ರೆ ಅದೇ 1949ರಲ್ಲಿ ನಮ್ಮ ದೇಶದಲ್ಲಿ ಹಿಂದೂ ವಿವಾಹಗಳ ಸಿಂಧುತ್ವ ಕಾಯ್ದೆ ಬಂತು. ಬೇರೆ ಬೇರೆ ಜಾತಿಯವರ ಮದುವೆ ಜಾತಿಯ ಕಾರಣಕ್ಕೆ ಅಸಿಂಧು ಆಗುವುದಿಲ್ಲ ಅಂತ ಹೇಳಿದ ಕಾಯ್ದೆ. ಆಗ ಕಾನೂನು ಮಂತ್ರಿ ಬಾಬಾಸಾಹೇಬರು. ಒಂದೇ ವರ್ಷ ಅಲ್ಲಿ ಬಾಗಿಲು ಮುಚ್ಚಿದರು, ಇಲ್ಲಿ ತೆರೆದರು. ಅಲ್ಲಿನ ಆ ಕಾಯ್ದೆಗಳು 1985ರಲ್ಲಿ ರದ್ದಾದವು. ಇಲ್ಲಿ ಕಾನೂನು ತೆರೆದ ಬಾಗಿಲಲ್ಲಿ ಇವತ್ತಿಗೂ ಹುಡುಗಿಯ ಅಪ್ಪ ಅಣ್ಣ ಕೊಡ್ಲಿ ಹಿಡ್ಕೊಂಡು ನಿಂತಿರ್ತಾರೆ.

ಇನ್ನೊಂದು ಲೆಕ್ಕ. ಆ ಪುಸ್ತಕ ಬಂದಿದ್ದು 2016ರ ನವೆಂಬರಿನಲ್ಲಿ. ಅದೇ ವರ್ಷ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತನ್ನ ಹುಟ್ಟೇ ತನಗಾದ ಅಪಘಾತ ಅನ್ನೋ ಅರ್ಥದ ಮಾತು ಬರೆದಿಟ್ಟು ಹೋಗಿಬಿಟ್ಟ. ಇಬ್ಬರು ಹುಡುಗರು, ಒಂದೇ ವರ್ಷ, ಹೆಚ್ಚುಕಮ್ಮಿ ಒಂದೇ ಮಾತು. ಒಬ್ಬನದು ಪುಸ್ತಕ ಆಯ್ತು, ಇನ್ನೊಬ್ಬನದು ಕೊನೆಯ ಪತ್ರ. ಇದರ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಬರೆಯೋಕೆ ಆಗೋದಿಲ್ಲ.

ಪೆಟ್ರೀಷಿಯಾ ಬಗ್ಗೆ ಬರೆಯುತ್ತೇನೆ, ಅಕೀನ ನನಗ ಹೆಚ್ಚು ಸೇರಿದಾಕಿ. ಟೈಪಿಂಗ್ ಕಲಿತು ಆಫೀಸಿಗೆ ಸೇರಿದವಳು. ಅಂದರೆ ನಮ್ಮ ಜಾತಿಯವಳೇ, ಕ್ಲರ್ಕ್ ಜಾತಿ. ಕಪ್ಪು ಜನ ಊರಾಚೆಯ ಟೌನ್‌ಶಿಪ್‌ನಲ್ಲೇ ಇರಬೇಕು ಅನ್ನೋ ಕಾಲದಲ್ಲಿ ಕದ್ದು ನಗರದಲ್ಲಿ ಫ್ಲ್ಯಾಟ್ ಹಿಡಿದು, ಯಾರಿಗೂ ಅನುಮಾನ ಬರದಿರಲಿ ಅಂತ ಮನೆಕೆಲಸದವರ ಬಟ್ಟೆ ತೊಟ್ಟು ಓಡಾಡಿದವಳು. ಮಗ ಬೆಳ್ಳಗಿದ್ದಾನೆ, ತಾನು ಕಪ್ಪು. ದಾರಿಯಲ್ಲಿ ಪೊಲೀಸರು ಕಂಡರೆ ಮಗನ ಕೈ ಬಿಟ್ಟು, ಇವನು ನನ್ನವನಲ್ಲ ಅನ್ನುವ ಹಾಗೆ ಮುಂದೆ ನಡೆಯಬೇಕಿತ್ತು. ಸೊವೆಟೊದಲ್ಲಿ ಅಜ್ಜಿಯ ಮನೆಗೆ ಹೋದರೆ ಹುಡುಗ ಹೊರಗೆ ಆಡುವ ಹಾಗಿಲ್ಲ.

ಇದನ್ನೆಲ್ಲ ಅವನು ಹೇಳುವುದು ನಗಿಸುತ್ತಲೇ. ಅಜ್ಜಿ ಉಳಿದ ಮೊಮ್ಮಕ್ಕಳಿಗೆ ಹೊಡೀತಾಳೆ, ಇವನಿಗೆ ಮಾತ್ರ ಇಲ್ಲ, ಬಿಳಿ ಚರ್ಮಕ್ಕೆ ಹೊಡೆದರೆ ಬಣ್ಣ ಬಣ್ಣದ ಬಾಸುಂಡೆ ಬರುತ್ತೆ ಅಂತ ಹೆದರಿಕೆ. ತಾತ ಸ್ವಂತ ಮೊಮ್ಮಗನನ್ನು ಕಾರಿನ ಹಿಂದಿನ ಸೀಟಿನಲ್ಲಿ ಧಣಿಯ ಹಾಗೆ ಕೂರಿಸಿ ತಾನು ಡ್ರೈವರ್ ಆಗುತ್ತಿದ್ದ. ಓದುವಾಗ ನಕ್ಕೆ. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಮುತ್ಯಾ ನೆನಪಾದ. ಖಾನಾಪುರ ತಾಲೂಕಿನ ಹಳ್ಳಿಯಿಂದ ಕ್ಯಾಂಪಿಗೆ ದುಡಿಯಲು ಬಂದವನು. ನಾನು ಬೆಲ್ಟು ಬೂಟು ಹಾಕಿಕೊಂಡು ಸಾಲೆಗೆ ಹೊರಟರೆ ಹಾಸಿಗೆಯಿಂದ ಎದ್ದು ನಿಲ್ಲುತ್ತಿದ್ದ. ತಮಾಷೆಗಲ್ಲ. ಬೂಟು ಕಂಡರೆ ಎದ್ದು ನಿಲ್ಲುವುದು ಅವನ ಕಾಲಿಗೆ ಕಲಿತುಹೋಗಿತ್ತು.

ನೋವಾ ಏನೇನು ಮಾಡಿದ ಅನ್ನೋದು ಇಂಟರ್ನೆಟ್ಟಿನಲ್ಲಿ ಸಿಗುತ್ತೆ, ಬೇಗ ಹೇಳಿ ಮುಗಿಸ್ತೀನಿ. 18ನೇ ವಯಸ್ಸಿಗೆ, 2002ರಲ್ಲಿ, ಅಲ್ಲಿನ ಧಾರಾವಾಹಿಯೊಂದರಲ್ಲಿ ಸಣ್ಣ ಪಾತ್ರ. ಆಮೇಲೆ ರೇಡಿಯೋ. ಮಕ್ಕಳ ಶೈಕ್ಷಣಿಕ ಕಾರ್ಯಕ್ರಮದ ನಿರೂಪಣೆ, ಸಿನಿಮಾ ಗಾಸಿಪ್ ಶೋ. 2009ರಲ್ಲಿ ಒಬ್ಬನೇ ನಿಂತು 'ದಿ ಡೇವಾಕರ್' ಅನ್ನೋ ಶೋ. 2012ರಲ್ಲಿ ಅಮೆರಿಕದ ಜೇ ಲೆನೋ ಶೋದಲ್ಲಿ ನಿಂತ ಮೊದಲ ದಕ್ಷಿಣ ಆಫ್ರಿಕಾದ ಹಾಸ್ಯಗಾರ, ಮರುವರ್ಷ ಲೆಟರ್‌ಮನ್ ಶೋ. 2015ರ ಸೆಪ್ಟೆಂಬರ್ 28ಕ್ಕೆ ಜಾನ್ ಸ್ಟೀವರ್ಟ್ ಹದಿನಾರು ವರ್ಷ ಕೂತಿದ್ದ ಕುರ್ಚಿಗೆ ಬಂದ. ಮೊದಮೊದಲು ನೋಡುವವರು ಕಡಿಮೆಯಾದರು. ಯಾರಿವನು, ನಮ್ಮ ಸುದ್ದಿ ನಮಗೆ ಹೇಳೋಕೆ ಅಂದವರೂ ಇದ್ದರು. ಏಳು ವರ್ಷ ಕೂತ. 2022ರ ಡಿಸೆಂಬರ್ 8ರ ಕೊನೆಯ ಕಂತಿನಲ್ಲಿ ವಿಶೇಷವಾಗಿ ಕಪ್ಪು ಹೆಣ್ಣುಮಕ್ಕಳಿಗೆ ಥ್ಯಾಂಕ್ಸ್ ಹೇಳಿದ. ತನಗೆ ತಿಳಿದದ್ದೆಲ್ಲ ಅಮ್ಮ, ಅಜ್ಜಿ, ಚಿಕ್ಕಮ್ಮಂದಿರು ಕಲಿಸಿದ್ದು ಅಂತ. 2021ರಿಂದ ಹಲವು ವರ್ಷ ಗ್ರ್ಯಾಮಿ ಸಮಾರಂಭದ ನಿರೂಪಣೆಯೂ ಅವನದೇ ಆಗಿತ್ತು.

ಆದರೆ ನನಗೆ ಮುಖ್ಯ ಅನಿಸಿದ್ದು ಇದ್ಯಾವುದೂ ಅಲ್ಲ, ಒಂದು ಸಿ.ಡಿ. ರೈಟರ್. ಟಿವಿಗೆ ಬರುವ ಮುಂಚೆ ಅವನು ನಕಲಿ ಸಿ.ಡಿ. ಮಾಡಿ ಮಾರುತ್ತಿದ್ದ, ಅಲೆಕ್ಸಾಂಡ್ರಾ ಅನ್ನೋ ಬಡವರ ಬಸ್ತಿಯಲ್ಲಿ ಹಾಡು ಹಾಕಿ ಕುಣಿಸುತ್ತಿದ್ದ. ಆ ಯಂತ್ರ ಕೊಟ್ಟವನು ಶಾಲೆಯ ಒಬ್ಬ ಬಿಳಿ ಗೆಳೆಯ. ಮೀನು ಕೊಡಬೇಡ, ಹಿಡಿಯೋದು ಕಲಿಸು ಅಂತ ಎಲ್ಲರೂ ಉಪದೇಶ ಮಾಡ್ತಾರಲ್ಲ, ಗಾಳ ಯಾರು ಕೊಡ್ತಾರೆ ಅನ್ನೋದು ಆ ಅಧ್ಯಾಯದಲ್ಲಿ ಅವನ ಪ್ರಶ್ನೆ. ಓದಿ ನನಗೆ ನಮ್ಮ ಆಫೀಸಿನ ರೋಸ್ಟರ್ ಫೈಲ್ ಕಣ್ಣ ಮುಂದೆ ಬಂತು. ಅದು ಗಾಳ. ಹದಿನೆಂಟು ವರ್ಷ ಮೀನು ಹಿಡಿದವನು ನಾನೇ. ಎಲ್ಲರ ಪೆಂಡಿಂಗ್ ಫೈಲು ತಿದ್ದಿ ಕೊಟ್ಟವನು ನಾನೇ.

ಭಾಷೆಯ ವಿಷಯ ನಮ್ಮ ಬೆಳಗಾವಿಯವರಿಗೆ ಹೇಳಲೇಬೇಕು. ಒಮ್ಮೆ ಜುಲು ಹುಡುಗರ ಗುಂಪು ಈ ಬೆಳ್ಳಗಿನವನನ್ನು ದೋಚೋಣ ಅಂತ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾ ಹಿಂದೆ ಬಂದರಂತೆ. ಇವನು ತಿರುಗಿ ಜುಲುನಲ್ಲೇ, ಬರ್ರಿ ಎಲ್ಲಾರೂ ಕೂಡಿ ಬೇರೆ ಯಾರನ್ನಾದ್ರೂ ದೋಚೋಣು ಅಂದ. ಅವರು ಕ್ಷಮೆ ಕೇಳಿ ಹೋದರು. ಮೈಬಣ್ಣ ಬದಲಿಸೋಕೆ ಆಗಲ್ಲ, ಭಾಷೆ ಬದಲಿಸಿದರೆ ಎದುರಿನವನ ಕಣ್ಣಲ್ಲಿ ಬಣ್ಣ ಬದಲಾಗುತ್ತೆ ಅನ್ನೋದು ಅವನ ಅನುಭವ.

ನಾವೂ ಅದನ್ನೇ ಮಾಡ್ತೀವಿ. ಫಿಶ್ ಮಾರ್ಕೆಟಿನಲ್ಲಿ ದಖನಿ, ಖಾನಾಪುರ ಬಸ್ಸಿನಲ್ಲಿ ಮರಾಠಿ, ಆಫೀಸಿನಲ್ಲಿ ಕನ್ನಡ, ಮಿಲಿಟರಿಯವರ ಹತ್ತಿರ ಹಿಂದಿ. ಮರಾಠಿಯವನು ನಮ್ಮನ್ನು ಮರಾಠಿಯವರು ಅಂದುಕೊಳ್ತಾನೆ, ಕನ್ನಡದವನು ಕನ್ನಡದವರು ಅಂದುಕೊಳ್ತಾನೆ. ಅಡ್ಡಹೆಸರು ಕೇಳುವ ತನಕ. ಕೇಳಿದ ಮೇಲೆ ಇಬ್ಬರ ಮುಖವೂ ಒಂದೇ ಭಾಷೆ ಮಾತಾಡುತ್ತೆ. ಗಡಿ ಗಲಾಟೆ ಎಷ್ಟಿದ್ದರೂ ಈ ವಿಷಯದಲ್ಲಿ ಎರಡೂ ಕಡೆಯವರು ಅಣ್ಣತಮ್ಮಂದಿರು.

ಇವನನ್ನು ದೇವರು ಮಾಡಿ ಕೂರಿಸೋ ಉದ್ದೇಶ ನನಗಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಹೆಣ್ಣುಮಕ್ಕಳ ಬಗ್ಗೆ 2013ರಲ್ಲಿ ಇವನು ಮಾಡಿದ್ದ ಹೊಲಸು ಜೋಕ್ 2018ರಲ್ಲಿ ಮತ್ತೆ ಹೊರಗೆ ಬಂತು. ಇನ್ನು ಮಾಡಲ್ಲ ಅಂದ. 2019ರಲ್ಲಿ ಭಾರತ ಪಾಕಿಸ್ತಾನ ಯುದ್ಧ ಆದರೆ ಮಜಾ ಇರುತ್ತೆ ಅನ್ನೋ ಹಾಗೆ ಜೋಕ್ ಮಾಡಿ ಕ್ಷಮೆ ಕೇಳಿದ. ಹುಟ್ಟೇ ಅಪರಾಧ ಅನಿಸಿಕೊಂಡವನೂ ಇನ್ನೊಬ್ಬರ ಹೆಣ್ಣುಮಕ್ಕಳನ್ನು ಕಾಲ ಕೆಳಗೆ ಹಾಕಬಲ್ಲ. ಬೈದು ಸುಮ್ಮನಾಗಬಹುದಿತ್ತು, ಆದರೆ ನನ್ನದೂ ಒಂದು ಇದೆ. ಒಳಮೀಸಲಾತಿ ಚರ್ಚೆ ಜೋರಾಗಿದ್ದಾಗ ನಮ್ಮ ಸಮಿತಿ ಸಭೆ ಮುಗಿದ ಮೇಲೆ, ನಮ್ಮಲ್ಲೇ ಇನ್ನೊಂದು ಜಾತಿಯವರ ಕಸುಬಿನ ಮೇಲೆ ನಾನೊಂದು ಜೋಕ್ ಹೊಡೆದೆ. ಎಲ್ಲರೂ ನಕ್ಕರು. ಆ ಜಾತಿಯ ತಮ್ಮನೂ ನಕ್ಕ. ಥೇಟ್ ನನ್ನ ಆಫೀಸ್ ನಗು. ನೋಡಿದ ಕೂಡಲೇ ಗುರುತು ಹಿಡಿದೆ, ಆದರೂ ಅವತ್ತು ಕ್ಷಮೆ ಕೇಳಲಿಲ್ಲ. ತಮ್ಮಾ, ನೀ ಇದನ್ನ ಓದ್ತಿ ಅಂತ ಗೊತ್ತು. ತಪ್ಪಾತು.

2023 ಬೆಂಗಳೂರಿಗೆ ಹಾಸ್ಯದ ವರ್ಷ. ಫೆಬ್ರವರಿಯಲ್ಲಿ ಅಲ್ಲಿನ ಒಂದು ಕಾಲೇಜಿನ ಹುಡುಗರು ವೇದಿಕೆ ಮೇಲೆ ಮೀಸಲಾತಿಯನ್ನೂ ಬಾಬಾಸಾಹೇಬರ ಹೆಸರನ್ನೂ ಆಡಿಕೊಂಡು ಸ್ಕಿಟ್ ಮಾಡಿದರು. ವಿಡಿಯೋ ಹರಿದಾಡಿತು, ಕೇಸಾಯಿತು. ನನಗೆ ಆ ಹುಡುಗರಿಗಿಂತ ಕೆಳಗೆ ಕೂತು ಕೇಕೆ ಹಾಕಿದವರದ್ದೇ ಹೆಚ್ಚು ಕೇಳಿಸಿತು. ಅವರ ನಡುವೆ ನಮ್ಮ ಹುಡುಗರೂ ಕೂತಿದ್ದರೆ ಅವರೂ ನಕ್ಕಿರ್ತಾರೆ. ಸೆಪ್ಟೆಂಬರಿನಲ್ಲಿ ನೋವಾನೇ ಬಂದ. 27 ಮತ್ತು 28ರಂದು ಎರಡು ಶೋ ಇತ್ತು. ಬೆಂಗಳೂರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಮುಟ್ಟಿದ. ಮುಟ್ಟಿದರೆ ಸೌಂಡ್ ಸರಿಯಿಲ್ಲ, ಹಿಂದೆ ಕೂತವರಿಗೆ ಏನೂ ಕೇಳಿಸುತ್ತಿಲ್ಲ. ಎರಡೂ ಶೋ ರದ್ದು ಮಾಡಿ, ಕ್ಷಮೆ ಕೇಳಿ, ದುಡ್ಡು ವಾಪಸ್ ಅಂದ.

ಸುದ್ದಿ ಓದಿ ಮಗಳು ಅಂದಳು: "ನಮ್ಮ ಗಲ್ಲಿಗೆ ಬರಬೇಕಿತ್ತಪ್ಪಾ. ಜಯಂತಿ ಡಿಜೆ ಸೌಂಡ್ ಖಾನಾಪುರ ತನಕ ಕೇಳಸ್ತೈತಿ."

ಈ ಸಲದ ಏಪ್ರಿಲ್ 14ಕ್ಕೆ ಅವಳೇ ಆ ಮೈಕಿನ ಮುಂದೆ ನಿಂತಳು. ಪಿಯುಸಿ ಪರೀಕ್ಷೆ ಮುಗಿಸಿ ಖಾಲಿ ಇದ್ದಳು. ಭಾಷಣ ಮಾಡು ಅಂದರೆ, ಭಾಷಣ ನೀವು ಮಾಡ್ರಿ, ನನಗ ಐದು ನಿಮಿಷ ಕೊಡ್ರಿ ಸಾಕು ಅಂದಳು. ಹಿರಿಯರಿಗೆ ಅಳುಕು. ಜಯಂತಿ ದಿವಸ ನಗ್ಚಾಟ್ಗಿ ಏನು ಅಂತ. ಕೊನೆಗೆ ಊಟಕ್ಕೆ ಮುಂಚೆ ಐದು ನಿಮಿಷ ಸಿಕ್ಕಿತು.

"ಆಧಾರ್ ಕಾರ್ಡ್ ಬರೂಕಿಂತ ಮೊದ್ಲ ನಮ್ಮ ಬೆಳಗಾವ್ಯಾಗ ಕೆವೈಸಿ ಇತ್ರಿ" ಅಂತ ಶುರು ಮಾಡಿದಳು. "ನಿನ್ನ ಹೆಸರೇನವಾ? ಅಡ್ಡಹೆಸರು? ಊರು? ಯಾವ ಗಲ್ಲಿ? ಗಲ್ಲಿ ಹೇಳಿದ್ರ ಮುಗೀತು, ಓಟಿಪಿನೂ ಬ್ಯಾಡ."

ಹೆಣ್ಣುಮಕ್ಕಳ ಕಡೆಯಿಂದ ನಗು ಎದ್ದಿತು. ಆಮೇಲೆ ಬಾಡಿಗೆ ಮನೆ. "ಮನಿ ಮಾಲಕ ಅಂತಾನ, ನಾವು ಜಾತಿ ಕೇಳಂಗಿಲ್ಲ, ನಾನ್‌ವೆಜ್ ತಿಂತೀರೇನು? ಚಿಕನ್ ಅಂದ್ರ ಬಾಡಗಿ ಹೇಳ್ತಾನ. ಮಟನ್ ಅಂದ್ರ ಅಡ್ವಾನ್ಸ್ ಏರಸ್ತಾನ. ಮುಂದಿಂದು ಹೇಳಬೇಕಂದ್ರ ಬಾಗಲಾನ ಹಾಕಿರ್ತಾನ."

ಗಲ್ಲಿಗೆ ಗಲ್ಲಿಯೇ ಬಿದ್ದು ನಕ್ಕಿತು. ನಾನು ಕಣ್ಣೊರೆಸಿಕೊಂಡೆ. ಆಗ ನನ್ನ ಕಡೆ ನೋಡಿದಳು.

"ನಮ್ಮಪ್ಪಗ ಎರಡು ನಗು ಅದಾವ್ರಿ. ಒಂದು ಮನ್ಯಾಗಿಂದು. ಇನ್ನೊಂದು ಸರ್ಕಾರಿ ನಗು. ಹತ್ತರಿಂದ ಐದೂವರಿ, ರವಿವಾರ ರಜಾ. ಸಣ್ಣಾಕಿದ್ದಾಗ ಒಮ್ಮೆ ಆಫೀಸಿಗೆ ಕರ್ಕೊಂಡು ಹೋಗಿದ್ದ. ಯಾರೋ ಏನೋ ಅಂದ್ರು, ಅಪ್ಪ ನಕ್ಕ. ಮನಿಗೆ ಬಂದು ಅವ್ವಗ ಹೇಳ್ದೆ, ಅಪ್ಪಗ ಹಲ್ಲು ನೋಯಾಕತ್ತಾವ ಅನಸ್ತೈತಿ ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಂಡತಿ ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ರಾತ್ರಿ ಊಟದ ಪಾತ್ರೆ ಎತ್ತಿಡುವಾಗ ಮಗಳು ಕೇಳಿದಳು, "ಸಿಟ್ಟ ಬಂತೇನಪ್ಪಾ?" ಇಲ್ಲ ಅಂದೆ. ಸುಳ್ಳಲ್ಲ. ಬಂದದ್ದು ಸಿಟ್ಟಲ್ಲ.

ಮರುದಿನ ಮಂಗಳವಾರ. ಹನ್ನೊಂದು ಗಂಟೆಗೆ ಚಹಾ ಬಂತು. "ಏನ್ರಿ, ನಿನ್ನಿ ಭಾರಿ ಜೋರಾತಂತ ನಿಮ್ಮ ಜಯಂತಿ. ಮತ್ತ, ಸರ್ಕಾರದ ಅಳಿಯಂದ್ರ ಹಬ್ಬ ಅಲ್ಲೇನ್ರಿ!" ಎಲ್ಲರೂ ನಕ್ಕರು. ನನ್ನ ಬಾಯಿ ಅರ್ಧ ತೆರೆದಿತ್ತು, ಅಭ್ಯಾಸ ಬಲ.

"ಅರ್ಥ ಆಗ್ಲಿಲ್ರಿ," ಅಂದೆ. "ಸ್ವಲ್ಪ ಬಿಡಿಸಿ ಹೇಳ್ರಿ."

"ಅಂದ್ರ... ಸರ್ಕಾರ ನಿಮಗ... ಅಳಿಯಗ ಹೆಂಗ ಮಾವನ ಮನ್ಯಾಗ..." ಅಂತ ಶುರು ಮಾಡಿದರು. ಅಲ್ಲಿಗೇ ನಿಂತರು. ಸೀಲಿಂಗ್ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಯಾರೋ ಕೆಮ್ಮಿದರು. ಚಹಾದ ಹುಡುಗ ಗ್ಲಾಸು ಎತ್ತಿಕೊಳ್ಳೋಕೆ ಬಂದ, ಅವರದು ಇನ್ನೂ ತುಂಬಿತ್ತು.