ಯಾವ ಪಂಪ್ ಹೋಗಿದೆ?



ರಸ್ತೆಯಲ್ಲಿ ಡೀಸೆಲ್ ಗಾಡಿ ಕೆಟ್ಟು ನಿಂತರೆ ಸುತ್ತ ಸೇರಿದವರು ಹೇಳುವ ಮಾತು ಒಂದೇ: "ಪಂಪ್ ಹೋಗೈತೆ." ಆದರೆ ಹಳೆಯ ಮಾದರಿಯ ಡೀಸೆಲ್ ಗಾಡಿಯಲ್ಲಿ ಪಂಪ್ ಒಂದಲ್ಲ, ಎರಡು. ಒಂದು ದೊಡ್ಡದು. ಇನ್ನೊಂದು ಅದರ ಪಕ್ಕಕ್ಕೆ ಅಂಟಿಕೊಂಡಿರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಯಾವುದು ಹೋಗಿದೆ ಎಂದು ತಿಳಿಯದೆ ಕೈ ಹಾಕಿದರೆ ಎಷ್ಟು ಖರ್ಚು, ತಿಳಿದು ಕೈ ಹಾಕಿದರೆ ಎಷ್ಟು ಉಳಿತಾಯ ಎಂಬುದನ್ನು ನಾನು ೨೦೨೪ರ ಬೇಸಿಗೆ ರಜೆಯಲ್ಲಿ ಕಣ್ಣಾರೆ ಕಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಚಿಕ್ಕಪ್ಪ ಸಾಲ ಮಾಡಿ ಹಳೇ ಪಿಕಪ್ ಗಾಡಿ ಕೊಂಡಿದ್ದರು. ನಮ್ಮ ಬೀದಿಯ ಆರು ಮನೆಯವರ ಟೊಮೆಟೊ ಅದರಲ್ಲೇ ಕೋಲಾರದ ಎ.ಪಿ.ಎಂ.ಸಿ. ಮಾರ್ಕೆಟ್ಟಿಗೆ ಹೋಗುತ್ತದೆ. ಟೊಮೆಟೊ ರಾಗಿಯಂತಲ್ಲ, ಇಟ್ಟುಕೊಂಡು ಕಾಯೋಕೆ ಆಗಲ್ಲ. ಹರಾಜಿನ ಹೊತ್ತಿಗೆ ಬಾಕ್ಸು ಅಲ್ಲಿ ಇಳಿದಿರಬೇಕು. ಅಂಥ ಗಾಡಿ ಆ ಬೇಸಿಗೆಯಲ್ಲಿ ಏರು ಬಂದರೆ ಸೊರಗತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಉಸಿರು ಕಟ್ಟಿದ ಹಾಗೆ ಆಗಿ ನಿಂತುಬಿಡುತ್ತಿತ್ತು. ಕೊನೆಗೆ ಮನೆ ಮುಂದೆ ಸ್ಟಾರ್ಟ್ ಮಾಡಿದರೂ ಎರಡೇ ನಿಮಿಷಕ್ಕೆ ಆಫ್ ಆಗುತ್ತಿತ್ತು.

ಪೇಟೆಯ ಒಂದು ಗ್ಯಾರೇಜಿನವರು ಬಂದು ನೋಡಿ, "ದೊಡ್ಡ ಪಂಪೇ ಹೋಗೈತೆ, ಇಳಿಸಿ ಕಳಿಸಬೇಕು" ಎಂದು ಲೆಕ್ಕ ಬರೆದುಕೊಟ್ಟರು. ಆ ಚೀಟಿ ನೋಡಿ ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕಂತು ಬೇರೆ ಬಾಕಿ ಇತ್ತು. ಚಿಕ್ಕಮ್ಮ ಕಿವಿಯ ಓಲೆ ಬಿಚ್ಚಿ ಚಿಕ್ಕಪ್ಪನ ಮುಂದೆ ಇಟ್ಟರು. ಅಜ್ಜಿ ಮಾತ್ರ, "ಓಲೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಟ್ರ್ಯಾಕ್ಟರ್ ಮೇಸ್ತ್ರಿಗೆ ಒಂದು ಸಲ ತೋರಿಸಪ್ಪ" ಅಂದರು.

ಮೇಸ್ತ್ರಿ ಮಾಡಿದ ಕೆಲಸ ಅರ್ಥವಾಗಬೇಕಾದರೆ ಡೀಸೆಲ್ ಎಂಜಿನ್ ಬಗ್ಗೆ ಸ್ವಲ್ಪ ತಿಳಿದಿರಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ ೧೮೯೩ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, ೧೮೯೭ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ಓಡಿಸಿ ತೋರಿಸಿದರು. ಇದಕ್ಕೆ ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಬೇಕಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಮುಟ್ಟಿ ನೋಡಿದ್ದೇವೆ. ಅದೇ ತತ್ವ. ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು ೧೬ರಿಂದ ೨೦ರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ೫೦೦ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ತುಂತುರು ಬಿದ್ದರೆ ತಾನೇ ಹೊತ್ತಿಕೊಳ್ಳುತ್ತದೆ.

ಅದುಮಿದ ಗಾಳಿಯೊಳಕ್ಕೆ ಡೀಸೆಲ್ ನುಗ್ಗಿಸಲು ಬಹಳ ಒತ್ತಡ ಬೇಕು. ಹಳೇ ಎಂಜಿನ್ನುಗಳಲ್ಲಿ ಅದು ನಮ್ಮ ಸುತ್ತಲಿನ ಗಾಳಿಯ ಒತ್ತಡದ ೨೦೦ ಪಟ್ಟಿನ ಆಸುಪಾಸು. ಈ ಭಾರಿ ಕೆಲಸ ದೊಡ್ಡ ಪಂಪಿನದು. ಚಿಕ್ಕದರ ಹೆಸರು ಫೀಡ್ ಪಂಪ್. ಟ್ಯಾಂಕಿನಿಂದ ಡೀಸೆಲ್ ಎಳೆದು, ಫಿಲ್ಟರ್ ಮೂಲಕ ದೊಡ್ಡ ಪಂಪಿಗೆ ತಲುಪಿಸುವುದಷ್ಟೇ ಅದರ ಕೆಲಸ. ಅಡುಗೆಯವರು ಎಷ್ಟೇ ಗಟ್ಟಿಗರಾದರೂ ನೀರು ಹೊರುವವರು ಬರದಿದ್ದರೆ ಅಡುಗೆ ಆಗುತ್ತದೆಯೇ? ಇದೂ ಹಾಗೆಯೇ.

ಮೇಸ್ತ್ರಿ ಬಂದವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಚಿಕ್ಕಪ್ಪನನ್ನು ಕೂರಿಸಿಕೊಂಡು ಎಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತಿಗೆ ನಿಲ್ಲುತ್ತೆ, ಫಿಲ್ಟರ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿದರು. ಆಮೇಲೆ ಒಂದು ಕ್ಯಾನಿಗೆ ಡೀಸೆಲ್ ತುಂಬಿ, ಕ್ಯಾಬಿನ್ ಮೇಲಿನ ಕಂಬಿಗೆ ಕಟ್ಟಿ, ಅದರಿಂದ ಒಂದು ಟ್ಯೂಬು ಇಳಿಸಿ ನೇರ ಫಿಲ್ಟರಿಗೆ ಕೊಟ್ಟರು. ನೋಡುವುದಕ್ಕೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಕಟ್ಟಿದ ಹಾಗೇ ಇತ್ತು. ಫೀಡ್ ಪಂಪಿನ ಕೆಲಸವನ್ನು ಈಗ ಭೂಮಿಯ ಗುರುತ್ವವೇ ಮಾಡುತ್ತಿತ್ತು. ಗಾಡಿ ಸ್ಟಾರ್ಟ್ ಆಯಿತು. ಎರಡು ನಿಮಿಷ ಆಯಿತು, ಹತ್ತು ಆಯಿತು, ಅರ್ಧ ಗಂಟೆ ಆಯಿತು. ನಿಲ್ಲಲಿಲ್ಲ! ಎಷ್ಟು ರೇಸ್ ಕೊಟ್ಟರೂ ಸೊರಗಲಿಲ್ಲ.

"ನೋಡಪ್ಪ, ದೊಡ್ಡ ಪಂಪ್ ಗಟ್ಟಿಮುಟ್ಟಾಗೈತೆ. ಅದಕ್ಕೆ ಊಟಾನೇ ಸೇರ್ತಿಲ್ಲ" ಅಂದರು ಮೇಸ್ತ್ರಿ. ಚಿಕ್ಕಪ್ಪ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಬೆವರೋ ಕಣ್ಣೀರೋ ನನಗೆ ಗೊತ್ತಾಗಲಿಲ್ಲ.

ಹಾಗಂತ ಮೇಸ್ತ್ರಿ ತಕ್ಷಣ ಫೀಡ್ ಪಂಪ್ ಬಿಚ್ಚಲಿಲ್ಲ. ಟ್ಯಾಂಕಿನಿಂದ ಬರುವ ಪೈಪ್ ಕಟ್ಟಿಕೊಂಡಿದ್ದರೂ ಹೀಗೇ ಆಗಬಹುದಲ್ಲ? ಆ ಪೈಪಿಗೆ ಟಯರಿನ ಕಾಲುಪಂಪಿನಿಂದ ಗಾಳಿ ಒತ್ತಿ, ನನ್ನನ್ನು ಟ್ಯಾಂಕಿನ ಬಾಯಿಗೆ ಕಿವಿ ಕೊಡಲು ಹೇಳಿದರು. ಒಳಗೆ ಗುಳುಗುಳು ಸದ್ದು ಕೇಳಿಸಿತು. "ಅಣ್ಣಾ, ಗುಳ್ಳೆ ಬರ್ತಾವೆ" ಅಂದೆ. ಪೈಪ್ ಸರಿಯಾಗಿದೆ ಎಂದಾಯಿತು. ಆಗ ಉಳಿದದ್ದು ಫೀಡ್ ಪಂಪ್ ಒಂದೇ.

ಬಿಚ್ಚುವ ಮೊದಲು ಸುತ್ತಲೂ ಬ್ರಷ್ ಹಾಕಿ ಡೀಸೆಲ್ಲಿನಲ್ಲಿ ತೊಳೆದರು. ಒಂದು ಕಣ ಮಣ್ಣು ಒಳಗೆ ಹೋದರೂ ಚೆನ್ನಾಗಿರುವ ದೊಡ್ಡ ಪಂಪ್ ಕೆಡುತ್ತದಂತೆ. ಬೀಡಿ ಹಚ್ಚಿಕೊಂಡು ನೋಡಲು ಬಂದವರೊಬ್ಬರನ್ನು ಆಚೆ ಕಳಿಸಿದರು. ಎರಡು ಪೈಪ್, ಮೂರು ನಟ್ಟು, ಅಷ್ಟೇ. ಕಳಚಿ ನೋಡಿದರೆ ಒಳಗಿನ ಸ್ಪ್ರಿಂಗು ಮುರಿದು ಎರಡು ತುಂಡಾಗಿತ್ತು, ಪಿಸ್ಟನ್ ತುಂಬ ಗೀರು ಬಿದ್ದಿತ್ತು. ಚಿಕ್ಕಪ್ಪ ಅದನ್ನೇ ಸ್ಯಾಂಪಲ್ಲಿಗೆ ಹಿಡಿದುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋಗಿ ಹೊಸದು ತಂದರು. ಜೊತೆಗೆ ಹೊಸ ಗ್ಯಾಸ್ಕೆಟ್, ಹೊಸ ತಾಮ್ರದ ವಾಷರ್. ಎಲ್ಲ ಸೇರಿ ಗಾಡಿಯ ಒಂದು ದಿನದ ಬಾಡಿಗೆ ಹಣದಲ್ಲೇ ಮುಗಿಯಿತು.

ಹೊಸ ಪಂಪ್ ಕೂರಿಸಿದರೂ ಗಾಡಿ ಕೂಡಲೇ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚಿದಾಗ ಪೈಪಿನೊಳಗೆ ಗಾಳಿ ಸೇರಿರುತ್ತದೆ. ದ್ರವವನ್ನು ಅದುಮಿದರೆ ಅದು ಬಹುಮಟ್ಟಿಗೆ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ ಎಂದು ವಿಜ್ಞಾನದಲ್ಲಿ ಓದಿದ್ದೇವಲ್ಲ. ಪೈಪಿನಲ್ಲಿ ಗಾಳಿ ಇದ್ದರೆ ದೊಡ್ಡ ಪಂಪ್ ಒತ್ತಿದ್ದೆಲ್ಲ ಆ ಗಾಳಿ ಕುಗ್ಗುವುದಕ್ಕೇ ಹೋಗುತ್ತದೆ, ಇಂಜೆಕ್ಟರಿನ ಬಾಯಿ ತೆರೆಯುವುದೇ ಇಲ್ಲ. ಇದಕ್ಕೇ 'ಏರ್ ಹಿಡಿಯೋದು' ಎನ್ನುವುದು. ಬಾವಿಯ ಪಂಪ್‌ಸೆಟ್ಟಿಗೆ ಗಾಳಿ ಸೇರಿದರೆ ನೀರು ಎತ್ತದೆ ಸುಮ್ಮನೆ ತಿರುಗುವುದನ್ನು ನಾವು ತೋಟದಲ್ಲಿ ನೋಡಿಲ್ಲವೇ?

ಮೇಸ್ತ್ರಿ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಮೇಲಿರುವ ಗುಂಡಿಯನ್ನು ಕೈಯಿಂದ ಒತ್ತುತ್ತ ಹೋಗಲು ನನಗೆ ಹೇಳಿದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಆಗ ಸ್ಕ್ರೂ ಬಿಗಿ ಮಾಡಿದರು. ದೊಡ್ಡ ಪಂಪಿನಲ್ಲೂ ಹೀಗೆಯೇ. ಇಂಜೆಕ್ಟರ್ ಪೈಪುಗಳ ಹತ್ತಿರ ಮಾತ್ರ ನನ್ನನ್ನು ಬಿಡಲಿಲ್ಲ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಮೈಯೊಳಗೇ ಹೋಗಬಲ್ಲದು. ೨೦೨೦ರ ಏಪ್ರಿಲ್‌ನಿಂದ ಮಾರುತ್ತಿರುವ ಬಿ.ಎಸ್. ೬ ಡೀಸೆಲ್ ಗಾಡಿಗಳಲ್ಲಂತೂ ಒತ್ತಡ ಸಾವಿರ ಪಟ್ಟನ್ನೂ ಮೀರುತ್ತದೆ. ಅವುಗಳ ಪೈಪನ್ನು ಹೀಗೆ ಸಡಿಲಿಸಲೇಬಾರದು.

ಮಾರನೇ ದಿನ ಆರು ಮನೆಯ ಟೊಮೆಟೊ ಹರಾಜಿನ ಹೊತ್ತಿಗೆ ಸರಿಯಾಗಿ ಕೋಲಾರ ಸೇರಿತು. ಚಿಕ್ಕಮ್ಮನ ಓಲೆ ಕಿವಿಯಲ್ಲೇ ಉಳಿಯಿತು.

ಮೇಸ್ತ್ರಿ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಒಂದೊಂದೇ ಅನುಮಾನವನ್ನು ಪರೀಕ್ಷಿಸಿ ಬಿಡುವ ಅವರ ಕ್ರಮವೇ ವಿಜ್ಞಾನ ಎಂದು ನಮ್ಮ ಮೇಷ್ಟ್ರು ಹೇಳಿದರು. ಊಹೆಗೆ ಖರ್ಚು ಜಾಸ್ತಿ, ಪರೀಕ್ಷೆಗೆ ಕಡಿಮೆ.

ಮೇಸ್ತ್ರಿ ಕೊಟ್ಟ ಹಳೇ ಫೀಡ್ ಪಂಪನ್ನು ತೊಳೆದು, ಮುರಿದ ಸ್ಪ್ರಿಂಗಿನ ಸಮೇತ ವಿಜ್ಞಾನದ ಕೊಠಡಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಬಿಡುವಿನಲ್ಲಿ ಬಂದು ಎಲ್ಲರೂ ನೋಡಿ. ಗುಂಡಿ ಒತ್ತಿಯೂ ನೋಡಬಹುದು.

– ೧೦ನೇ ತರಗತಿಯ ವಿದ್ಯಾರ್ಥಿ