ಕೊನೆ ಕೊಯ್ಲಿಗೆ ಒದಗದ ಕ್ಯಾಮೆರಾ

ಅಡಿಕೆ ತೋಟದೊಳಗೆ ಬೆಳಕು ಕಡಿಮೆ. ಕಾರ್ತಿಕದ ನಡುಮಧ್ಯಾಹ್ನದಲ್ಲೂ ಬುಡದಲ್ಲಿ ನಸುಗತ್ತಲು, ತುದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಅಡಿಕೆ ಕೊನೆ ಇಳಿಸುವ ಕೊನೆಗೌಡರು ಆ ತುದಿಯಲ್ಲೇ ಮರವನ್ನು ತೂಗಿ, ಇಳಿಯದೆಯೇ ಪಕ್ಕದ ಮರಕ್ಕೆ ದಾಟುತ್ತಿದ್ದರು. ಹೊಸನಗರದ ನಮ್ಮ ತೋಟದಲ್ಲಿ ಆ ಕ್ಷಣವನ್ನು ಹಿಡಿಯಬೇಕೆಂದೇ ನಾನು ಡಿಎಸ್‌ಎಲ್‌ಆರ್ ಬಯಸಿದ್ದು. ಆಗಿನ ಮೊಬೈಲಿನಲ್ಲಿ ಅದು ಬರೀ ಮಸುಕು.

ದುಡ್ಡಿಲ್ಲದೆ ತಡವಾದದ್ದಲ್ಲ. 2010ರಲ್ಲಿ ಕ್ಯಾನನ್ 550ಡಿ ಬಂತು. ಕೊಳ್ಳಬೇಕು ಅನ್ನುವಷ್ಟರಲ್ಲಿ ಮರುವರ್ಷ 600ಡಿ, ಆಮೇಲೆ 650ಡಿ, 2013ಕ್ಕೆ 700ಡಿ. ಪ್ರತಿ ಸಲವೂ ಇನ್ನೊಂದು ಬರಲಿ, ಹಳೆಯದರ ಬೆಲೆ ಇಳಿಯಲಿ ಎಂದು ಕಾದೆ. ನಾಲ್ಕರಲ್ಲೂ ಇದ್ದದ್ದು 18 ಮೆಗಾಪಿಕ್ಸೆಲ್ಲೇ ಎಂಬುದನ್ನು ನಾನು ಗಮನಿಸಲಿಲ್ಲ. ನನ್ನ ತೋಟದ ಕತ್ತಲೆಗೆ ಬೇಕಿದ್ದದ್ದು ಹೊಸ ಬಾಡಿಯಲ್ಲ, ಬೇರೆ ಲೆನ್ಸು. ಜೊತೆಗೆ ಕೊಡುವ 18–55 ಲೆನ್ಸು 55ರ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಗ್ಗದ 50 ಎಂಎಂ ಲೆನ್ಸು ಎಫ್ 1.8ರವರೆಗೆ ತೆರೆದು ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಇಷ್ಟು ತಿಳಿದಿದ್ದರೆ ಮೊದಲ ವರ್ಷವೇ ಕೆಲಸ ಆಗುತ್ತಿತ್ತು.

ಕೊನೆಗೂ ಕೊಂಡದ್ದು ಮೇ ತಿಂಗಳ ಕೊನೆಯಲ್ಲಿ. ಆಗುಂಬೆ ಇರುವ ತೀರ್ಥಹಳ್ಳಿ, ಹುಲಿಕಲ್ ಇರುವ ಹೊಸನಗರ, ಜೋಗದ ಸಾಗರ. ಮಳೆಗೆ ಹೆಸರಾದ ಈ ಮೂರು ತಾಲೂಕುಗಳಲ್ಲಿ ಕ್ಯಾಮೆರಾ ಕೊಳ್ಳಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಮೃಗಶಿರಾ ಮಳೆ ಹಿಡಿಯಿತು. ಸ್ಪಂಜಿನ ಚೀಲದೊಳಗಿಟ್ಟು ಮರದ ಕಪಾಟಿನಲ್ಲಿ ಭದ್ರ ಮಾಡಿದೆ. ಕತ್ತಲೆ, ತೇವ, ಗಾಳಿಯಾಡದ ಜಾಗ: ಬೂಷ್ಟಿಗೆ ಬೇಕಾದ್ದೆಲ್ಲ ಅಲ್ಲಿತ್ತು. ನಮ್ಮ ಹಿರಿಯರು ಕೆಡಬಾರದ್ದನ್ನು ಒಲೆಯ ಮೇಲಣ ಅಟ್ಟದಲ್ಲಿ ಇಡುತ್ತಿದ್ದುದೇಕೆ ಎಂದು ಆಗಲೂ ನನಗೆ ಹೊಳೆಯಲಿಲ್ಲ. ದೀಪಾವಳಿಯ ಹೊತ್ತಿಗೆ ತೆಗೆದು ನೋಡಿದರೆ ಗಾಜಿನೊಳಗೆ ಎಳೆ ಎಳೆಯಾಗಿ ಬಿಳಿ ಬಲೆ. ಗಾಜಿನ ಲೇಪವನ್ನೇ ಬೂಷ್ಟು ತಿಂದಿದೆ, ಒರೆಸಿದರೆ ಹೋಗದು ಎಂದರು ರಿಪೇರಿಯವರು.

ಆ ಕೊಯ್ಲಿನಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಬಿಸಿಲಿಗೆ ಎದುರಾದ ಕಡೆ ಮಂಜು ಕವಿದಂತಿತ್ತು. ಮರದ ತುದಿಯಲ್ಲಿದ್ದ ಮನುಷ್ಯನ ಮುಖವೇ ಇಲ್ಲ. ಮುಂದಿನ ವರ್ಷ ಕೊನೆಗೌಡರು ಹತ್ತಲಿಲ್ಲ, ಸೊಂಟ ಹಿಡಿದಿತ್ತು. ಕೆಲವು ವರ್ಷಗಳಲ್ಲಿ ಫೈಬರ್ ದೋಟಿ ಬಂದು, ನೆಲದಲ್ಲೇ ನಿಂತು ಕೊನೆ ಇಳಿಸುವುದು ರೂಢಿಯಾಯಿತು. ಮರದಿಂದ ಬಿದ್ದು ಹಾಸಿಗೆ ಹಿಡಿದವರನ್ನು ಕಂಡ ನಾನು ಅದನ್ನು ಮನಸಾರೆ ಸ್ವಾಗತಿಸಿದೆ. ಆದರೆ ಆ ಮೈಯ ವಿದ್ಯೆಯ ಒಂದು ನೆಟ್ಟಗಿನ ಚಿತ್ರ ನಮ್ಮ ಮನೆಯಲ್ಲಿಲ್ಲ. ಅದರ ನೋವು ಇನ್ನೂ ಇದೆ.

ಹಾಗಾಗಿ ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಕಂಬಗಳು ಏಳುವುದನ್ನು ಕಂಡಾಗ, ಜನರನ್ನು ದಾಟಿಸುವ ಲಾಂಚೂ ಮರೆಯಾದೀತೆಂದು ನಾನು ಮತ್ತೆ ಕಾಯಲಿಲ್ಲ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಫುಲ್‌ಫ್ರೇಮ್ ಮಿರರ್‌ಲೆಸ್‌ನತ್ತ ತಿರುಗಿದ ಮೇಲೆ ಬಳಸಿದ ಡಿಎಸ್‌ಎಲ್‌ಆರ್‌ಗಳು ಕೈಗೆಟುಕತೊಡಗಿದ್ದವು. ಹಳೆಯ ಬಾಡಿ, 50 ಎಂಎಂ ಲೆನ್ಸು, ಗಾಳಿಬಿಗಿ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರು ಕೊಂಡೆ. ತೇವ ಶೇ. 50 ದಾಟಿದರೆ ಜೆಲ್ ಬದಲಿಸುತ್ತೇನೆ. ಬಸ್ಸು, ಬೈಕು, ಸಿಗಂದೂರಿನ ಭಕ್ತರು, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತ ಲಾಂಚಿನ ಚಿತ್ರಗಳು ಸಿಕ್ಕವು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು.

ಈಚೆಗೆ ಸಾಗರದ ಕಡೆಯ ದೀವರ ಮನೆಯ ಹುಡುಗನೊಬ್ಬ ಕೇಳಿದ: “ಅಣ್ಣಾ, ಈಗ ತಗೊಳ್ಳಲಾ, ಮಿರರ್‌ಲೆಸ್ ರೇಟು ಇಳಿಯೋವರೆಗೆ ತಡೀಲಾ?” ಏನನ್ನು ತೆಗೆಯುತ್ತೀಯ ಎಂದೆ. ಅಜ್ಜಿ ಪುಂಡಿನಾರಿನ ಕುಂಚ ಹಿಡಿದು ಕೆಮ್ಮಣ್ಣಿನ ಗೋಡೆಗೆ ಹಸೆ ಚಿತ್ತಾರ ಬರೆಯುವುದನ್ನಂತೆ. ಬರೆದು ಮುಗಿದ ಗೋಡೆಗೆ ಮೊಬೈಲೇ ಸಾಕು, ನಡುಮನೆಯ ಮಬ್ಬಿನಲ್ಲಿ ಆಡುವ ಅಜ್ಜಿಯ ಕೈಗೆ ಮಾತ್ರ ಲೆನ್ಸು ಬೇಕು ಎಂದೆ. ಮದುವೆಗೆ ಚಿತ್ತಾರ ಬರೆಯುತ್ತಾರಲ್ಲ, ಮನೆಯಲ್ಲಿ ಮುಂದಿನ ಮದುವೆ ಯಾವಾಗ ಎಂದು ಕೇಳಿದರೆ ವೈಶಾಖ ಎಂದ. “ಹಾಗಾದರೆ ಮಾಘದಲ್ಲೇ ತಗೋ, ಹಳೆಯದಾದರೂ ಸರಿ. ಕೈ ಪಳಗಲಿ. ಮಳೆಗೆ ಮುಂಚೆ ಡಬ್ಬಿ ತಗೊಳ್ಳೋದು ಮರೀಬೇಡ.”