ಅಂಟಿನ ಅಂಚಿನ ಸುದ್ದಿ

ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸೇರಿದ ಮೊದಲ ದಿನವೇ ಸುದ್ದಿ ಸಂಪಾದಕರು ಹಾಳೆಯ ಮೇಲೆ ತಲೆಕೆಳಗಾದ ಗೋಪುರವೊಂದನ್ನು ಗೀಚಿ ತೋರಿಸಿದರು. "ಮುಖ್ಯವಾದದ್ದೆಲ್ಲ ಮೇಲೆ. ಕೆಳಕ್ಕೆ ಇಳಿದಂಗೆ ಸಪ್ಪೆ. ಜಾಗ ಸಾಲದಿದ್ರ ಬುಡದಿಂದ ಕತ್ತರಿಸ್ತೀವಿ, ತಿಳೀತಿಲ್ಲೊ?" ಅಚ್ಚುಮೊಳೆ ಜೋಡಿಸುವ ಕಾಲ ಅದು. ನಡುರಾತ್ರಿ ಪುಟ ಕಟ್ಟುವವನಿಗೆ ನಾಲ್ಕು ಸಾಲು ಹೆಚ್ಚಾದರೆ ಓದುತ್ತ ಕೂರಲು ಪುರುಸೊತ್ತೆಲ್ಲಿ? ಕೊನೆಯ ಪ್ಯಾರಾ ಕಿತ್ತು ಬದಿಗಿಡುತ್ತಿದ್ದ. ಹಾಗಾಗಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಲ್ಲವೂ ಆದಷ್ಟು ಇಂಟ್ರೊದಲ್ಲೇ ಮುಗಿದುಹೋಗಬೇಕು.

ಕಷ್ಟ ಶುರುವಾದದ್ದು ಅಮ್ಮನ ಕಾಗದಗಳಿಂದ.

ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. (ಕನ್ನಡದ ಮೊದಲ ಪತ್ರಿಕೆ, 1843ರ ಜುಲೈ 1ರಂದು ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವೂ ಪಾಕ್ಷಿಕವೇ. ಅಮ್ಮ ಆ ಪರಂಪರೆಯವಳು.) ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದೆ, ಅಡಿಕೆಗೆ ಕೊಳೆ ಬಂದಿದೆ, ಕಪಿಲೆ ಕರು ಹಾಕಿದೆ, ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಮಡಿಕೆಗಳೆಲ್ಲ ತುಂಬಿದ ಮೇಲೆ, ಅಂಟಿನ ಅಂಚಿನ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ: "ಇವರು ಮೊನ್ನೆ ಅಟ್ಟದಿಂದ ಬಿದ್ದರು. ಗಾಬರಿ ಬೇಡ."

ಇವರು ಎಂದರೆ ಅಪ್ಪ. ಗಂಡನ ಹೆಸರೆತ್ತದವಳಿಗೆ 'ಯಾರು' ಎಂಬ ಮೊದಲ ಪ್ರಶ್ನೆಯೇ ನಿಷಿದ್ಧ. ಮೊನ್ನೆ ಎಂದರೆ ಯಾವತ್ತು? ಅಟ್ಟ ಹತ್ತಿದ್ದೇಕೆ? ಈ ಕಾಗದ ನಮ್ಮ ಡೆಸ್ಕಿಗೆ ಬಂದಿದ್ದರೆ ಕರು ಪುಟ ಸೇರಿ ಅಪ್ಪ ಕಸದ ಬುಟ್ಟಿ ಸೇರುತ್ತಿದ್ದರು. ಅಂದಿನಿಂದ ಅಮ್ಮನ ಕಾಗದವನ್ನು ಬುಡದಿಂದ ಓದತೊಡಗಿದೆ. ಬುಡದಲ್ಲಿ ಏನೂ ಇಲ್ಲದಿದ್ದರೆ ಮೇಲಿನದನ್ನು ಓದುತ್ತಲೂ ಇರಲಿಲ್ಲ.

ಯಾವುದು ಸುದ್ದಿ ಎಂಬ ಪಾಠವನ್ನು ನಾಯಿಯೊಂದು ಕಲಿಸಿತು. ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ ಎಂಬುದು ಪತ್ರಿಕೆಯವರ ಹಳೇ ಮಾತು. ಅದನ್ನು ನಂಬಿ, ಬಾತ್ಮೀದಾರರು ಕಂಡಕ್ಟರ್ ಕೈಲಿ ಕಳಿಸಿದ ಕವರಿನಲ್ಲಿದ್ದ ನಾಯಿಕಡಿತವನ್ನು ಬುಟ್ಟಿಗೆ ಹಾಕಿದೆ. ಕಚ್ಚಿಸಿಕೊಂಡವರು ಮಾಲೀಕರ ಷಡ್ಡಕರು! ಮರುದಿನ ಎರಡು ಕಾಲಂ, ಫೋಟೊ ಸಮೇತ. ನಾಯಿಯದಲ್ಲ. ಪ್ರಾಮುಖ್ಯ, ಸಾಮೀಪ್ಯ ಎಂಬೆರಡು ಅಧ್ಯಾಯಗಳೂ ಅಲ್ಲಿಗೆ ಒಟ್ಟಿಗೇ ಮುಗಿದವು.

ಅಮ್ಮ ಹೋದ ಮೇಲೆ ಟ್ರಂಕಿನಿಂದ ಆ ಕಾಗದಗಳನ್ನು ತೆಗೆದು ಮೇಲಿನಿಂದ ಓದುತ್ತಿದ್ದೇನೆ. ಕರುವಿನ ಹಣೆಯ ಬೊಟ್ಟು ನನಗೆ ಗೊತ್ತಾದದ್ದು ಈಗ.

ಒಂದು ಕಾಗದಕ್ಕೆ ಮಾತ್ರ ಬುಡವೇ ಇಲ್ಲ. ಅದು ಬಂದ ದಿನ ಬಿಡಿಸುವ ಅವಸರದಲ್ಲಿ ಅಂಚು ಹರಿದಿತ್ತು. "ನಿನಗೊಂದು ವಿಷಯ ಹೇಳಬೇಕು ಅಂತ" ಎಂಬಷ್ಟೇ ಉಳಿದು, ಮಿಕ್ಕದ್ದು ಗೋಂದಿನ ಪಾಲಾಗಿತ್ತು. ದೀಪಕ್ಕೆ ಹಿಡಿದೆ, ಚಹಾದ ಹಬೆಗೆ ಒಡ್ಡಿದೆ. ಕೊನೆಗೆ ರಜೆ ಗೀಚಿಟ್ಟು ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ನೋಡಿದರೆ ಅಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ.

"ಏನಮ್ಮ ಅದು ವಿಷಯ?"

"ಏನೋ ಇತ್ತು ಮಾರಾಯ, ಈಗ ನೆನಪಾಗ್ತಿಲ್ಲ," ಅಮ್ಮ ದೋಸೆಕಲ್ಲಿಗೆ ಎಣ್ಣೆ ಸವರಿದಳು. "ಬಂದ್ಯಲ್ಲ, ಕೈಕಾಲು ತೊಳ್ಕೊ."